ನಮ್ಮತ್ತೆ ಕುರ್ಚಿ ನೋಡಿದ್ದು

ನಮ್ಮತ್ತೆ ಶಿವರತ್ನಮ್ಮನವರಿಗೆ ಸಿಟ್ಟು ಬರಿಸಬೇಕೆಂದರೆ, ಅವರು ಮನೆಯಿಂದ ಹೊರಡುವಾಗ "ಎಲ್ಲಿಗೆ?" ಎಂದು ಕೇಳಿದರೆ ಸಾಕಿತ್ತು. ನಾನು ಯಳಂದೂರಿನಿಂದ ಮಧುವನಹಳ್ಳಿಗೆ ಮದುವೆಯಾಗಿ ಬಂದ ಹೊಸತರಲ್ಲಿ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆಗೆ ಹಾಗೆ ಕೇಳಿಬಿಟ್ಟಿದ್ದೆ. ಬೀದಿಗೆ ಇಳಿದಿದ್ದವರು ವಾಪಸ್ ಬಂದು ಜಗುಲಿಯ ಮೇಲೆ ಕೂತರು. ನನ್ನ ಕೈಯಲ್ಲಿ ನೀರು ತರಿಸಿಕೊಂಡು ಕುಡಿದು, "ಒರಟೋರ್ನ ಎಲ್ಗೆ ಅಂತ ಕೇಳ್ಬಾರ್ದು ಕಣವ್ವ ದಿವ್ಯ. ಓದ ಕೆಲ್ಸ ಕೆಟ್ಟೋಯ್ತದೆ" ಎಂದು ಹೇಳಿ ಮತ್ತೆ ಹೊರಟರು.

ಅವರು ಹೋಗುತ್ತಿದ್ದದ್ದು ಸಂಬಂಧ ಕುದುರಿಸುವುದಕ್ಕೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಸುತ್ತ ಅವರು ಮಾಡಿಸಿದ ಮದುವೆಗಳಿಗೆ ಲೆಕ್ಕವಿಲ್ಲ. ದುಡ್ಡಿಗಲ್ಲ, ಅದೊಂದು ಚಟ. ಫೋಟೋ, ಜಾತಕ ಅವರಿಗೆ ಬೇಕಿರಲಿಲ್ಲ. ಹೇಳದೆ ಕೇಳದೆ ಹುಡುಗನ ಮನೆಗೆ ಹೋಗುವುದು, ಹಿತ್ತಿಲು ನೋಡುವುದು, ಅಡುಗೆಮನೆಯಲ್ಲಿ ಕೂತು ಒಂದು ಲೋಟ ಮಜ್ಜಿಗೆ ಕುಡಿಯುವುದು, ಆಮೇಲೆ ಮನೆಯ ಹಿರಿಯರನ್ನು ಕರೆದು, "ಉಡುಗನ್ದು ಒಂದು ಕೆಟ್ಟ ಬುದ್ಧಿ ಏಳಿ" ಎನ್ನುವುದು. "ಏನೂ ಇಲ್ಲ, ಬಂಗಾರದಂಥ ಹುಡುಗ" ಎಂದರೆ ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಿದ್ದರು. ನನ್ನನ್ನು ನೋಡಲು ಬಂದಾಗ, ಮಗನಿಗೆ ಗೊರಕೆ ಉಂಟೆಂದು ತಾವೇ ನಮ್ಮಪ್ಪನಿಗೆ ಹೇಳಿದ್ದರಂತೆ. ನಮ್ಮಪ್ಪ ಅದನ್ನು ನನಗೆ ಹೇಳಲಿಲ್ಲ.

ಅಂಥವರು ಒಂದು ದಿನ ಅಟ್ಟದ ಏಣಿಯಿಂದ ಜಾರಿ ಬಿದ್ದರು. ಬೆನ್ನುಮೂಳೆಗೆ ಪೆಟ್ಟಾಗಿ ಕಾಲುಗಳ ಸ್ವಾಧೀನ ಹೋಯಿತು. ಕೈ ಗಟ್ಟಿಯಾಗಿಯೇ ಉಳಿಯಿತು, ಬಾಯಿ ಇನ್ನೂ ಗಟ್ಟಿ. ಕೈಯಲ್ಲಿ ತಳ್ಳಿಕೊಳ್ಳುವ ಗಾಲಿಕುರ್ಚಿಯಲ್ಲಿ ಅಡುಗೆಮನೆಗೂ ಜಗುಲಿಗೂ ಓಡಾಡುವುದನ್ನು ಕಲಿತರು. ಆದರೆ ನಮ್ಮ ಬೀದಿಗೆ ಇಳಿಯಬೇಕೆಂದರೆ ಹಿಂದಿನಿಂದ ಯಾರಾದರೂ ತಳ್ಳಬೇಕು. ತಳ್ಳುವವರು ಎಲ್ಲಿಗೆ ಎಂದು ಕೇಳಲೇಬೇಕಲ್ಲ? ಅತ್ತೆ ಎರಡು ಸಲ ಹಾಗೆ ಹೋದರು, ಮೂರನೆಯ ಸಲ ತಾವೇ ಬೇಡವೆಂದರು. ಯಾರಾದರೂ ಸಂಬಂಧ ಕೇಳಿಕೊಂಡು ಬಂದರೆ, "ಮನೆ ನೋಡ್ದೆ ನಾನೇನ್ ಏಳನವ್ವ" ಎಂದು ಕಳಿಸಿಬಿಡುತ್ತಿದ್ದರು. ಬರುಬರುತ್ತಾ ಜನ ಬರುವುದೇ ನಿಂತಿತು. ಅತ್ತೆ ಜಗುಲಿಯಲ್ಲಿ ಕೂತು ಬೀದಿ ನೋಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಈ ವರ್ಷ ಅರಿಶಿನದ ಬೆಳೆ ಕೈ ಹಿಡಿಯಿತು. ನಮ್ಮ ಮನೆಯವರು ಅವ್ವನಿಗೆ ಬ್ಯಾಟರಿ ವೀಲ್‌ಚೇರು ಕೊಡಿಸುತ್ತೇನೆಂದರು. ಇಬ್ಬರೂ ಟೇಪು ಹಿಡಿದು ಮನೆಯ ಬಾಗಿಲುಗಳನ್ನೆಲ್ಲ ಅಳೆದೆವು, ಕೊಳ್ಳೇಗಾಲದ ಅಂಗಡಿಗೆ ಹೋದೆವು, ಬಾಗಿಲಿಗೆ ಸರಿಹೋಗುವ ಚಿಕ್ಕ ಕುರ್ಚಿಯೊಂದನ್ನು ಒಪ್ಪಿಕೊಂಡು ಬಂದೆವು. ಕೂರಬೇಕಾದವರನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

"ಎಣ್ಣುನ್ನ ಕೇಳ್ದೆ ಮದ್ವೆ ಗೊತ್ತ್ ಮಾಡ್ಕಂಡ್ ಬಂದ್ರಾ?" ಎಂದರು ಅತ್ತೆ. "ಅಂಗ್ಡೀಲಿ ಇನ್ನೊಂದು ಇಲ್ವಾ?"

"ದೊಡ್ಡದೊಂದದೆ ಕಣವ್ವ. ಅದು ಒರಗಡೆ ಓಡಾಡೋರ್ಗೆ" ಎಂದರು ಮಗ.

"ಎರಡ್ನೂ ಮನೆ ತಾವ್ಕೆ ಬರೇಳು."

ಅಂಗಡಿಯ ಬಿಳಿಗಿರಿ ಎರಡನ್ನೂ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದು ಜಗುಲಿಯ ಮುಂದೆ ಇಳಿಸಿದ. ಮಾತುಗಾರ. "ಅಮ್ಮಾ, ಈ ಚಿಕ್ಕದು ಮನೆಯೊಳಗಿನ ಮಾಡಲ್ಲು. ನಿಂತ ಜಾಗ್ದಲ್ಲೇ ತಿರುಗ್ತದೆ. ಆ ದೊಡ್ಡದು ಒರಗಡೆದು. ದಪ್ಪ ಟೈರು, ದೊಡ್ಡ ಬ್ಯಾಟ್ರಿ. ಏರು ಗೀರು ಏನೂ ಲೆಕ್ಕಕ್ಕಿಲ್ಲ."

"ಎರಡ್ರುದೂ ಒಂದೊಂದು ಕೆಟ್ಟ ಬುದ್ಧಿ ಏಳು" ಎಂದರು ಅತ್ತೆ.

"ಏನೂ ಇಲ್ಲ ಅಮ್ಮ. ಕಂಪ್ನಿ ಮಾಲು."

"ಅಂಗಾದ್ರೆ ಆಟೋಗೆ ಏರಿಸ್ಕಂಡು ಓಗು."

ಬಿಳಿಗಿರಿ ನಮ್ಮ ಮನೆಯವರ ಮುಖ ನೋಡಿ, "ಏನ್ ಸಾ ಇದು?" ಎಂದ. ಅವರು ಹೆಂಚು ಎಣಿಸುವವರ ಹಾಗೆ ಮೇಲೆ ನೋಡುತ್ತಿದ್ದರು. ಕೊನೆಗೆ ಅವನೇ ತಲೆ ಕೆರೆದುಕೊಂಡು ಬಾಯಿಬಿಟ್ಟ. "ಚಿಕ್ಕದು ಮರಳು, ಜಲ್ಲಿ ಕಂಡ್ರೆ ಊತ್ಕತದೆ ಅಮ್ಮ. ದೊಡ್ಡದು ಮೈ ಅಗಲ, ನಿಮ್ ಬಾಗ್ಲಲ್ಲಿ ನುಗ್ಗಕಿಲ್ಲ."

"ಈಗ ಸರಿ. ಕುತ್ಕೊ, ಮಜ್ಜಿಗೆ ಕುಡಿ."

ಮೊದಲು ಚಿಕ್ಕದರಲ್ಲಿ ಕೂತರು. ಕೈ ಹತ್ತಿರದ ಪುಟ್ಟ ಕೋಲನ್ನು ಹೇಗೆ ತಳ್ಳಿದರೆ ಹಾಗೆ ಹೋಗುತ್ತಿತ್ತು. ಅಡುಗೆಮನೆ, ದೇವರ ಮೂಲೆ, ನಡುಮನೆ ಎಲ್ಲ ಒಂದು ಸುತ್ತು ಬಂದರು. ನಾನು ಖುಷಿಯಲ್ಲಿ ಚಪ್ಪಾಳೆಯನ್ನೂ ತಟ್ಟಿದೆ. "ಮನೇಲಿ ಎಲ್ಲಾ ಗಂಡುಮಕ್ಳೂ ಒಳ್ಳೇರೇ. ಬೀದೀಲಿ ನೋಡ್ಬೇಕು" ಎಂದು ಅತ್ತೆ ಕುರ್ಚಿಯನ್ನು ಹೊರಗೆ ಇಳಿಸಲು ಹೇಳಿದರು. ಬೀದಿಯ ಕೊನೆಮನೆಯ ಮಹಾದೇವಮ್ಮ ಅವರ ಹಳೆಯ ಗೆಳತಿ. ಅಲ್ಲಿಗೆ ಹೋಗಿ ಬರುವುದೆಂದಾಯಿತು. ಅರ್ಧ ದಾರಿಯಲ್ಲಿ ಯಾರೋ ಮನೆ ಕಟ್ಟಲು ಸುರಿಸಿದ ಮರಳಿತ್ತು. ಕುರ್ಚಿ ಅಲ್ಲೇ ಕೂತಿತು. ಮಹಾದೇವಮ್ಮ ತಮ್ಮ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು, ನಾವು ಮೂವರೂ ಸೇರಿ ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಹಿಂದಕ್ಕೆ ತಂದೆವು.

ದೊಡ್ಡದು ಆ ಮರಳನ್ನು ತುಳಿದುಕೊಂಡು, ಚರಂಡಿಯ ಚಪ್ಪಡಿ ಹತ್ತಿ ಇಳಿದು, ಮಹಾದೇವಮ್ಮನ ಬಾಗಿಲಿಗೇ ಹೋಗಿ ನಿಂತಿತು. ಅತ್ತೆ ಅಲ್ಲಿಂದ ತಿರುಗಿ ನಮ್ಮನ್ನು ನೋಡಿದರು. ನಾವು ಯಾರೂ ಅವರ ಹಿಂದೆ ಇರಲಿಲ್ಲ.

ಅವರು ವಾಪಸ್ ಬಂದ ಮೇಲೆ ನಮ್ಮ ಮನೆಯವರು ವಾದಕ್ಕೆ ನಿಂತರು. "ಅವ್ವ, ನೀನು ದಿನಾ ಇರೋದು ಮನೇಲಿ. ಮನೆಯೊಳಕ್ಕೇ ಬರ್ದೆ ಇರೋ ಕುರ್ಚಿ ತಕಂಡು ಏನ್ ಮಾಡನ?"

"ಮನೇಲಿರಕೆ ನನ್ ಅಳೇ ಕುರ್ಚಿನೇ ಸಾಕು ಕಣ್ಲಾ. ಒಳಗೇ ಕುಂತಿರಕೆ ಇಷ್ಟೊಂದು ದುಡ್ಡು ಯಾಕೆ?"

"ಎಲ್ಲಾರ ಬಿದ್ಗಿದ್ರೆ?"

"ಮನೆಯೊಳಗೇ ಬಿದ್ದೋಳು ಕಣ್ಲಾ ನಾನು."

ನಮ್ಮ ಮನೆಯವರು ನನ್ನ ಕಡೆ ತಿರುಗಿದರು. ನನಗೂ ಭಯವಿತ್ತು, ಸುಳ್ಳು ಯಾಕೆ ಹೇಳಲಿ? ಟೇಪು ಹಿಡಿದು ಬಾಗಿಲು ಅಳೆದವರಲ್ಲಿ ನಾನೂ ಒಬ್ಬಳು. ಆದರೆ ಮಹಾದೇವಮ್ಮನ ಬಾಗಿಲಲ್ಲಿ ಅತ್ತೆಯ ಮುಖ ಹೇಗಿತ್ತೆಂದು ನೋಡಿದ್ದೆ. "ದೊಡ್ಡದೇ ಇರಲಿ" ಎಂದೆ. ನಮ್ಮ ಮನೆಯವರು ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟರು. ಗೊರಕೆ ಮಾತ್ರ ಬಿಡಲಿಲ್ಲ.

ದೊಡ್ಡ ಕುರ್ಚಿ ಜಗುಲಿಯ ಮೇಲೆ ನೆಲೆಯಾಯಿತು. ಜಗುಲಿಯಿಂದ ಬೀದಿಗೆ ಸಿಮೆಂಟಿನ ಇಳಿಜಾರು ಮಾಡಿಸಿದೆವು. ಚಾರ್ಜಿಗೆ ಕಿಟಕಿಯಿಂದ ವೈರು, ಮಳೆಗೆ ಬೈಕಿನ ಹಳೆಯ ಕವರು. ಹಳೆಯ ಕುರ್ಚಿಯಲ್ಲಿ ಜಗುಲಿಯವರೆಗೆ ಬಂದು, ನಡುವೆ ಒಂದು ಹಲಗೆ ಇಟ್ಟುಕೊಂಡು, ಕೈಯೂರಿ ಹೊಸದಕ್ಕೆ ಜಾರಿಕೊಳ್ಳುವುದನ್ನು ಅತ್ತೆ ಅಭ್ಯಾಸ ಮಾಡಿದರು. ಮೊದಮೊದಲು ನಾನೂ ಜೊತೆಗೆ ನಡೆಯುತ್ತಿದ್ದೆ. ಮೇನ್ ರೋಡಿಗೆ ಹೋಗುವುದಿಲ್ಲವೆಂದು ಮಗನಿಗೆ ಮಾತು ಕೊಟ್ಟರು.

ಒಂದು ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದಾಗ ಹೊರಗೆ ಮೋಟರಿನ ಸದ್ದು ಕೇಳಿಸಿತು. ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಅತ್ತೆ ಜರಿಯಂಚಿನ ಸೀರೆ ಉಟ್ಟು, ಮಡಿಲಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು, ಆಗಲೇ ಬೀದಿಗೆ ಇಳಿದಿದ್ದರು. ಒಬ್ಬರೇ.

"ಅತ್ತೆ, ಎಲ್ಲಿಗೆ?" ಎಂದು ಕೂಗಿಬಿಟ್ಟೆ.

ಕುರ್ಚಿ ನಿಂತಿತು. ನಿಧಾನವಾಗಿ ತಿರುಗಿ, ಇಳಿಜಾರು ಹತ್ತಿ ಜಗುಲಿಗೆ ಬಂತು. ಅತ್ತೆ ನೀರು ತರಲು ಕೈಸನ್ನೆ ಮಾಡಿದರು. ತಂದುಕೊಟ್ಟೆ. ಪೂರ್ತಿ ಕುಡಿದು ಚೊಂಬನ್ನು ನನ್ನ ಕೈಗಿತ್ತರು.

"ಒರಟೋರ್ನ ಎಲ್ಗೆ ಅಂತ ಕೇಳ್ಬಾರ್ದು ಅಂತ ಎಷ್ಟ್ ಸಲ ಏಳ್ಬೇಕವ್ವ ನಿಂಗೆ?"

ಬೈಯುತ್ತಿದ್ದರೂ ಅವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಬೈಗುಳ ಕೇಳಿ ನನ್ನ ಕಣ್ಣು ತುಂಬಿತು. ಅವರು ಸೆರಗು ಸರಿಮಾಡಿಕೊಂಡು, ಕುರ್ಚಿ ತಿರುಗಿಸಿ, ಬೀದಿಗೆ ಇಳಿದು ಹೋದರು.

ಆವತ್ತು ಎಲ್ಲಿಗೆ ಹೋಗಿದ್ದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.