ತಲೆಗೆ ಬಣ್ಣ ಹಚ್ಚಿದ ಮರುದಿನ

"ಕಣ್ಣೇ ಬಿಡಕಾಗ್ತಿಲ್ಲ ಕಣೇ, ಬೇಗ ಬಾ!" ಬಚ್ಚಲಿನಿಂದ ನಮ್ಮವರು ಕೂಗಿದರು. ಓಡಿಹೋಗಿ ನೋಡಿದರೆ ಹಣೆ, ರೆಪ್ಪೆ, ಕಿವಿ ಎಲ್ಲ ಊದಿಕೊಂಡು ಅವರ ಗುರುತೇ ಸಿಗದಂತಾಗಿತ್ತು. ಹಿಂದಿನ ಸಂಜೆಯಷ್ಟೇ ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡಿದ್ದರು. ದುಡಿಯುತ್ತಿದ್ದ ಮೇಟಗಳ್ಳಿಯ ಕಾರ್ಖಾನೆ ಮುಚ್ಚಿದ ಮೇಲೆ ಸಿಕ್ಕಿದ್ದ ಮೊದಲ ಸಂದರ್ಶನ ಆ ಬೆಳಿಗ್ಗೆಯೇ ಇತ್ತು.

"ಒಂದು ಮಾತ್ರೆ ನುಂಗ್ಬುಟ್ಟು ಹೋಗ್ ಬತ್ತೀನಿ, ಬುಡು" ಎನ್ನುತ್ತ ಗೋಡೆ ತಡವಿ ಅಂಗಿ ಹುಡುಕತೊಡಗಿದರು. ಅಷ್ಟರಲ್ಲೇ ದನಿ ಕಟ್ಟಿ, ಉಸಿರು ಸುಂಯ್‌ಗುಟ್ಟಿತು. ನಾನು ವಾದಕ್ಕೆ ನಿಲ್ಲಲಿಲ್ಲ. ಕೈಹಿಡಿದು ಎಳೆದುಕೊಂಡು ಹೋಗಿ ಆಟೊ ಹತ್ತಿಸಿದೆ. ಸಿಗ್ನಲ್‌ನಲ್ಲಿ ನಿಂತಾಗ ಅವರು ಒಂದು ಕೈಯಲ್ಲಿ ಗಂಟಲು, ಇನ್ನೊಂದರಲ್ಲಿ ನನ್ನ ಮಣಿಕಟ್ಟು ಬಿಗಿಯಾಗಿ ಹಿಡಿದುಕೊಂಡರು. ಏನೋ ಹೇಳಲು ನೋಡಿದರು, ಮಾತೇ ಹೊರಡಲಿಲ್ಲ. ಹಿಂತಿರುಗಿ ನೋಡಿದ ಚಾಲಕರು ಹಾರ್ನ್ ಒತ್ತುತ್ತಲೇ ಆಟೊ ನುಗ್ಗಿಸಿದರು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಆಮ್ಲಜನಕ ಹಾಕಿದ ಮೇಲೆ ಉಸಿರು ಹದಕ್ಕೆ ಬಂತು. "ಮುಂಚೆ ಡೈ ಹಚ್ಚಿದಾಗ ತುರಿಕೆ ಬಂದಿತ್ತಾ?" ಎಂದು ವೈದ್ಯೆ ಕೇಳಿದರು. ನಮ್ಮವರು ಹೌದೆಂದು ತಲೆಯಾಡಿಸಿದರು. "ಅಲರ್ಜಿ ಶುರುವಾಗಿದ್ದು ಆಗ್ಲೇ ಕಣ್ರೀ. ಇನ್ನು ಅದನ್ನ ಮುಟ್ಲೇಬೇಡಿ. ಇನ್ನೊಂದ್ಸಲ ಇಲ್ಲಿಗೆ ಬರೋವಷ್ಟು ಟೈಮ್ ಸಿಗದೇ ಇರಬಹುದು."

ಸಂದರ್ಶನ ತಪ್ಪಿತು. ಕೆಲವು ವಾರಗಳ ನಂತರ ಇನ್ನೊಂದಕ್ಕೆ ಬುಡವೆಲ್ಲ ಬೆಳ್ಳಗಾದ ಕೂದಲಲ್ಲೇ ಹೋಗಿಬಂದರು. ಆ ಕೆಲಸವೂ ಸಿಗಲಿಲ್ಲ. ಆದರೆ ಬಾಗಿಲಿಂದಲೇ ಅವರು "ಕಾಫಿ ಇದೆಯೇನೇ?" ಎಂದು ಗಟ್ಟಿಯಾಗಿ ಕೂಗಿದಾಗ, ಸದ್ಯಕ್ಕೆ ನನಗೆ ಇಷ್ಟು ಸಾಕು ಅನ್ನಿಸಿತು.