ಕ್ರೇನಕ್ಕನಿಗೆ ಇಬ್ಬರು ಬೇಕಾಗಿದ್ದರು

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳಿಗೆ ಕ್ರೇನಕ್ಕ ಎಂದು ಯಾರು ಹೆಸರಿಟ್ಟರೋ ಗೊತ್ತಿಲ್ಲ, ಇಟ್ಟವರು ಕಣ್ಣು ಬಿಟ್ಟುಕೊಂಡೇ ಇಟ್ಟಿದ್ದರು. ನಲವತ್ತು ಒದ್ದೆ ಬೆಡ್‌ಶೀಟುಗಳ ಗಂಟನ್ನು ಇಬ್ಬರು ಗಂಡಸರು ಹಲ್ಲು ಕಚ್ಚಿಕೊಂಡು ಎಳೆಯುತ್ತಿದ್ದರೆ, ಅವಳು ಅದನ್ನು ಅಳುವ ಕೂಸನ್ನು ಎತ್ತಿಕೊಂಡ ಹಾಗೆ ಸೊಂಟಕ್ಕೇರಿಸಿಕೊಂಡು ಡ್ರೈಯರಿನ ಬಾಯಿಗೆ ತುರುಕುತ್ತಿದ್ದಳು. ಅವಳು ನಡೆದರೆ ಎರಡನೇ ಮಹಡಿಯ ರೋಗಿಗಳ ಗ್ಲೂಕೋಸ್ ಬಾಟಲಿ ಅಲ್ಲಾಡುತ್ತದೆ ಎಂಬುದು ಮಾತ್ರ ಶುದ್ಧ ಸುಳ್ಳು. ಅಲ್ಲಾಡುತ್ತಿದ್ದದ್ದು ಮೊದಲನೇ ಮಹಡಿಯವು.

ಎಲ್ಲ ಶುರುವಾದದ್ದು ಅಲ್ಲೇ. ಒಂದು ದಿನ ಬಟ್ಟೆ ಹಿಂಡುವಾಗ ಇಸ್ತ್ರಿ ಯಂತ್ರದ ಸ್ಟೀಲ್ ಬಾಗಿಲಿನಲ್ಲಿ ಒಂದು ತೋಳು ಕಂಡಿತು. ಚರ್ಮದ ಕೆಳಗೆ ಇಲಿ ಓಡಿದ ಹಾಗೆ ಏನೋ ಎದ್ದು ಇಳಿಯಿತು. ಯಾರದಪ್ಪಾ ಇದು ಎಂದು ಹಿಂತಿರುಗಿ ನೋಡಿದಳು, ಯಾರೂ ಇರಲಿಲ್ಲ. ಇನ್ನೊಮ್ಮೆ ಹಿಂಡಿದಳು, ಇನ್ನೊಮ್ಮೆ ಎದ್ದಿತು. ಮನೆಯಲ್ಲಿ ಗಂಡ ಅವಳ ಮಾತನ್ನು ಕಿವಿಯ ಮೇಲೆ ಹಾಕಿಕೊಂಡವನಲ್ಲ, ನಾದಿನಿಗೆ ಅವಳ ಮಾತು ಗೋಡೆಗಡಿಯಾರದ ಸದ್ದಿನಷ್ಟೂ ಕೇಳುತ್ತಿರಲಿಲ್ಲ. ಹಾಗಾಗಿ ಅವಳು ಹೇಳಿದ್ದನ್ನು ಮರುಮಾತಿಲ್ಲದೆ ಕೇಳಿದ ಮೊದಲ ಪ್ರಾಣಿ ಅವಳ ಬಲದೋಳು. ಅದರ ಮೇಲೆ ಅವಳಿಗೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಟೈರ್ ಅಂಗಡಿಯ ಹಿಂಭಾಗದ ಉದ್ದನೆಯ ಕೋಣೆಯಲ್ಲಿ ಒಂದು ಜಿಮ್ ಇತ್ತು. ಅದರ ಮೇಷ್ಟ್ರು ಮಾತಿಗೆ ಬಡವರು. ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬೆಳಿಗ್ಗೆ ಐದಕ್ಕೆ ಬಾ ಅಂದರು. ಹನ್ನೊಂದು ವರ್ಷ ಅವಳು ಐದಕ್ಕೆ ಹೋದಳು. ಆರೂವರೆಯವರೆಗೆ ಕಬ್ಬಿಣ ಎತ್ತಿ, ಏಳಕ್ಕೆ ಆಸ್ಪತ್ರೆಯಲ್ಲಿ ಬೆಡ್‌ಶೀಟು ಎತ್ತುತ್ತಿದ್ದಳು. ಅವಳು ತಿಂದ ಮೊಟ್ಟೆಗಳನ್ನೆಲ್ಲ ಮರಿ ಮಾಡಿಸಿದ್ದರೆ ಆ ಊರಿನಲ್ಲಿ ಕೋಳಿಗಳಿಗೇ ಬಹುಮತ ಬಂದು ಮೇಯರ್ ಕೂಡ ಹುಂಜನೇ ಆಗಿರುತ್ತಿದ್ದ.

ಆದರೆ ದೇಹದಾರ್ಢ್ಯ ಸ್ಪರ್ಧೆಯ ವೇದಿಕೆಯನ್ನು ಮಾತ್ರ ಅವಳು ಒಮ್ಮೆಯೂ ಹತ್ತಿರಲಿಲ್ಲ. ನಿಯಮ ಹಾಗಿತ್ತು: ಹೆಂಗಸರ ವಿಭಾಗ ನಡೆಯಬೇಕಾದರೆ ಕಡೇ ಪಕ್ಷ ಮೂವರು ನಿಲ್ಲಬೇಕು. ಐದು ವರ್ಷ ಸತತವಾಗಿ, ಸ್ನಾಯು ಎದ್ದು ಕಾಣಲೆಂದು ಉಪ್ಪು ಬಿಟ್ಟು, ನೀರು ಬಿಟ್ಟು, ಮೈಗೆಲ್ಲ ಕಂದು ಬಣ್ಣ ಬಳಿದುಕೊಂಡು ವೇದಿಕೆಯ ಹಿಂದಿನ ಬೆಂಚಿನ ಮೇಲೆ ಕೂತಳು. ಐದೂ ಸಲ ಒಬ್ಬಳೇ. ಐದೂ ಸಲ ಯಾರೋ ಬಂದು, ವಿಭಾಗ ರದ್ದಾಗಿದೆ, ಮನೆಗೆ ಹೋಗಿ ಎಂದರು. ಬಣ್ಣದ ಮೈಯಲ್ಲೇ ಬಸ್ಸು ಹತ್ತಿ ಬರುತ್ತಿದ್ದಳು. ರಕ್ತ, ಅಯೋಡಿನ್, ಹೆಸರಿಲ್ಲದ ನೂರು ಔಷಧಿಗಳ ಕಲೆ ತೆಗೆದ ಕೈಗೆ ತನ್ನ ಮೈಯಿಂದ ಮನೆಯ ಬೆಡ್‌ಶೀಟಿಗೆ ಹತ್ತಿದ ಆ ಬಣ್ಣ ಮಾತ್ರ ಬಗ್ಗುತ್ತಿರಲಿಲ್ಲ.

"ಮದುವೆ ಆಗಿದ್ದು ನಿನ್ನನ್ನ," ಅಂದಿದ್ದ ಗಂಡ ಒಮ್ಮೆ, "ಮಲಗೋದು ನೋಡಿದ್ರೆ ಪಾಲಿಶ್ ಹೊಡೆದ ಬೀರು ಪಕ್ಕ."

ಮೂವತ್ತೊಂಬತ್ತು ತುಂಬಿದಾಗ ಮೇಷ್ಟ್ರು ಅಪರೂಪಕ್ಕೆ ಎರಡು ಮಾತಾಡಿದರು. ಮೈ ಈಗ ಹಣ್ಣಾಗಿ ನಿಂತಿದೆ, ಇನ್ನು ಇಳಿಮುಖವೇ. ನಿಂತರೆ ಈ ವರ್ಷ ನಿಲ್ಲಬೇಕು. ಅಂದಿನಿಂದ ಕ್ರೇನಕ್ಕ ಇಬ್ಬರು ಹೆಂಗಸರನ್ನು ಹುಡುಕಲು ಹೊರಟಳು. ನರ್ಸುಗಳು ನಕ್ಕರು, ಅಡುಗೆಮನೆಯವರು ಮೂಗು ಮುರಿದರು. ಕೊನೆಗೆ ಗೇಟಿನ ಸೆಕ್ಯೂರಿಟಿ ಹೆಂಗಸು ಒಪ್ಪಿದಳು.

"ಸುಮ್ನೆ ನಿಲ್ಲೋದು ತಾನೇ? ಹನ್ನೆರಡು ವರ್ಷದಿಂದ ಅದನ್ನೇ ಮಾಡ್ತಿದೀನಿ."

ಇನ್ನೊಬ್ಬಳು ಸಿಗಲಿಲ್ಲ. ಉಗುಳು ನುಂಗಿಕೊಂಡು ನಾದಿನಿಯ ಮುಂದೆ ನಿಂತಳು. ನಾದಿನಿ ದೊಡ್ಡ ಅಂಗಡಿಯೊಂದರಲ್ಲಿ ಪೌಡರು, ಲಿಪ್‌ಸ್ಟಿಕ್ಕು ಮಾರುವವಳು, ದಿನಕ್ಕೆ ಎಂಟು ಗಂಟೆ ನಗುವುದೇ ಅವಳ ಕೆಲಸ. ನೀರಿನ ಬಾಟಲಿಯ ಮುಚ್ಚಳ ಬಿಚ್ಚಲೂ ಅಣ್ಣನನ್ನು ಕೂಗುತ್ತಿದ್ದಳು. ಬಹಳ ಹೊತ್ತು ಉಗುರು ನೋಡಿಕೊಂಡು ಆಮೇಲೆ ಷರತ್ತು ಹಾಕಿದಳು.

"ಆಯ್ತು ಅತ್ತಿಗೆ. ಆದ್ರೆ ಒಂದು ವರ್ಷ ನನ್ನ ಬಟ್ಟೆ ಎಲ್ಲಾ ನೀನೇ ಒಗೀಬೇಕು."

ಅದು ಆಗಲೇ ಏಳು ವರ್ಷದಿಂದ ನಡೆದುಕೊಂಡು ಬಂದಿತ್ತು. ಕ್ರೇನಕ್ಕ ಒಪ್ಪಿದಳು.

ನಾಲ್ಕು ತಿಂಗಳು ಇಬ್ಬರನ್ನೂ ತಿದ್ದಿದಳು. ತನ್ನ ತಟ್ಟೆಯ ಮೀನಿನ ತುಂಡನ್ನು ನಾದಿನಿಯ ತಟ್ಟೆಗೆ ಹಾಕಿದಳು. ಅವಳ ಉಡುಪಿಗೆ ಮಣಿ ಹೊಲಿದು ಕೊಟ್ಟಳು, ಹೇಗೆ ನಿಂತರೆ ಸೊಂಟ ಸಣ್ಣಗೆ ಕಾಣುತ್ತದೆಂದು ಕನ್ನಡಿಯ ಮುಂದೆ ಕೈ ಹಿಡಿದು ಕಲಿಸಿದಳು. ನಾದಿನಿ ಎರಡು ಸಲ ತಲೆ ತಿರುಗಿ ಬಿದ್ದಳು, ಎರಡೂ ಸಲ ಅತ್ತಿಗೆಯೇ ಹೊತ್ತುಕೊಂಡು ಮನೆಗೆ ತಂದಳು. ಅದನ್ನೂ ಅವಳು ವ್ಯಾಯಾಮದ ಲೆಕ್ಕಕ್ಕೇ ಹಾಕಿಕೊಂಡಳು.

ಸ್ಪರ್ಧೆಯ ದಿನ ಮೊದಲು ಆ ಇಬ್ಬರಿಗೂ ಸ್ಪಂಜಿನಿಂದ ಬಣ್ಣ ಬಳಿದಳು. ಅವಳ ಬೆನ್ನಿಗೆ ಸೆಕ್ಯೂರಿಟಿ ಹೆಂಗಸು ಬಳಿದಳು, ಗೇಟಿಗೆ ಪೇಂಟ್ ಹೊಡೆದ ಹಾಗೆ ಮೇಲಿನಿಂದ ಕೆಳಕ್ಕೆ. ಯಾರೋ ಬಂದು ತಲೆ ಎಣಿಸಿದರು: ಒಂದು, ಎರಡು, ಮೂರು. ಸರಿ, ಬನ್ನಿ ಎಂದರು. ಆ ಎರಡು ಪದಕ್ಕೆ ಕ್ರೇನಕ್ಕ ಹನ್ನೊಂದು ವರ್ಷ ಕಾದಿದ್ದಳು. ಮೆಟ್ಟಿಲು ಹತ್ತುವಾಗ, ನೀರಿಲ್ಲದೆ ಒಡೆದ ಅವಳ ತುಟಿಯಿಂದ ರಕ್ತ ಬಂತು. ನಾಲಗೆಯಲ್ಲಿ ಒರೆಸಿಕೊಂಡಳು.

ಅವಳು ತಿರುಗಿ ನಿಂತು ಬೆನ್ನು ಅಗಲಿಸಿದಾಗ ಮೊದಲ ಸಾಲಿನವರಿಗೆ ನೆರಳು ಬಿತ್ತಂತೆ. ಒಬ್ಬ ಮುದುಕ ಸೆಖೆ ಕಡಿಮೆಯಾಯಿತೆಂದು ಬೀಸಣಿಗೆ ಕೆಳಗಿಟ್ಟನಂತೆ. ಸೆಕ್ಯೂರಿಟಿ ಹೆಂಗಸು ಕಲಿತ ಭಂಗಿಗಳನ್ನೆಲ್ಲ ಮರೆತು ತೀರ್ಪುಗಾರರಿಗೆ ಸೆಲ್ಯೂಟ್ ಹೊಡೆದಳು. ನಾದಿನಿ ನಕ್ಕಳು.

ನಾದಿನಿಗೆ ಮೊದಲ ಬಹುಮಾನ. ಸೆಲ್ಯೂಟಿಗೆ ಎರಡನೆಯದು. ಕ್ರೇನಕ್ಕ ಮೂರನೆಯವಳು, ಮೂವರಲ್ಲಿ.

ವೇದಿಕೆಯ ಹಿಂದೆ ಮೇಷ್ಟ್ರು ಮುಖ್ಯ ತೀರ್ಪುಗಾರನನ್ನು ಅಡ್ಡಗಟ್ಟಿದರು. ಆತ ಒಳ್ಳೆಯ ಮನುಷ್ಯನ ಹಾಗೆ ಮೆತ್ತಗೆ ವಿವರಿಸಿದ.

"ಮೈ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಸ್ವಲ್ಪ ಜಾಸ್ತಿ ಆಯ್ತು ಅಷ್ಟೆ. ಹೆಂಗಸರು ಹೆಂಗಸರ ಥರ ಕಾಣ್ಬೇಕಲ್ವಾ? ಆ ಹುಡುಗಿ ನೋಡಿ, ಎಷ್ಟು ಚೆನ್ನಾಗಿ ನಗ್ತಾಳೆ."

"ಯಾವುದು ಜಾಸ್ತಿ ಆಯ್ತು ಸಾರ್?" ಕ್ರೇನಕ್ಕ ಕೇಳಿದಳು. "ಭುಜನಾ, ಬೆನ್ನಾ? ತೋರಿಸಿ."

ಆತ ಕೈಯಲ್ಲಿದ್ದ ಕಾಗದವನ್ನು ತಿರುಗಿಸಿ ನೋಡಿದ. ಹಿಂಬದಿ ಖಾಲಿ ಇತ್ತು. ಅದನ್ನೇ ಬಹಳ ಹೊತ್ತು ಓದಿದ.

ಟ್ರೋಫಿ ನಾದಿನಿಯ ಎದೆಯೆತ್ತರ ಇತ್ತು, ಅಡಿಯಲ್ಲಿ ಕಲ್ಲಿನ ಪೀಠ. ಎರಡು ಹೆಜ್ಜೆ ಇಡುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಬಸ್ ನಿಲ್ದಾಣದವರೆಗೂ, ಅಲ್ಲಿಂದ ಮನೆಯ ಮೂರನೇ ಮಹಡಿಯವರೆಗೂ ಅದನ್ನು ಕ್ರೇನಕ್ಕನೇ ಹೊತ್ತಳು. ಗಂಡ ಬಾಗಿಲು ತೆಗೆದವನೇ ಮೊದಲು ಟ್ರೋಫಿಯನ್ನು ನೋಡಿ ಹೆಂಡತಿಗೆ, ಪರವಾಗಿಲ್ಲ ಕಣೇ, ಕೊನೆಗೂ ಗೆದ್ದೆಯಲ್ಲ ಅಂದ. ಯಾರದೆಂದು ನಾದಿನಿ ಹೇಳಿದ ಮೇಲೆ ತಂಗಿಯ ತಲೆ ಸವರಿದ.

ಟ್ರೋಫಿ ಫ್ರಿಜ್ಜಿನ ಮೇಲೆ ಕೂತಿತು. ಅಂಗಡಿಯವರು ನಾದಿನಿಯ ಫೋಟೋವನ್ನು ದೊಡ್ಡದು ಮಾಡಿ ಕೌಂಟರಿನಲ್ಲಿ ತೂಗುಹಾಕಿದರು. ಕ್ರೇನಕ್ಕ ಬೆಳಿಗ್ಗೆ ಐದಕ್ಕೆ ಜಿಮ್ಮಿಗೆ ಹೋಗುವುದನ್ನು ಬಿಡಲಿಲ್ಲ. ಭಾನುವಾರಗಳಂದು ಟ್ರೋಫಿಯ ಧೂಳು ಒರೆಸುತ್ತಿದ್ದಳು. ಫ್ರಿಜ್ ಒರೆಸುವಾಗ ಅದನ್ನು ಎತ್ತಬಲ್ಲವರು ಆ ಮನೆಯಲ್ಲಿ ಬೇರೆ ಯಾರಿದ್ದರು?

ವರ್ಷ ತಿರುಗಿತು. ಒಂದು ಸಂಜೆ ಅವಳು ಇಸ್ತ್ರಿ ಮಾಡುತ್ತಿದ್ದಾಗ ನಾದಿನಿ ಕಾಗದವೊಂದನ್ನು ತಂದು ಮೇಜಿನ ಮೇಲಿಟ್ಟಳು.

"ಅತ್ತಿಗೆ, ಸ್ಪರ್ಧೆ ಫಾರಂ ಬಂದಿದೆ. ಸೆಕ್ಯೂರಿಟಿ ಅಕ್ಕ ಹೂಂ ಅಂದಿದಾಳೆ. ಮೂರನೆಯವಳೇ ಸಿಗ್ತಿಲ್ಲ. ನೀನು ಬಾ, ಸುಮ್ನೆ ನಿಂತ್ಕೊಂಡ್ರೆ ಸಾಕು."

ಇಸ್ತ್ರಿಪೆಟ್ಟಿಗೆ ಒಂದೇ ಕಡೆ ನಿಂತಿತು. ಒಲ್ಲೆ ಅಂದರೆ ವಿಭಾಗವೇ ರದ್ದು. ನಾದಿನಿಯ ನಗು ಬಣ್ಣದ ಸಮೇತ ಬಸ್ಸು ಹತ್ತುತ್ತದೆ. ಆದರೆ ತನ್ನ ಬೆನ್ನೂ ವೇದಿಕೆಯ ಬೆಳಕು ಕಾಣುವುದಿಲ್ಲ. ನಲವತ್ತಾಗಿತ್ತು. ಸುಟ್ಟ ವಾಸನೆ ಬಂದಮೇಲೆ ಕ್ರೇನಕ್ಕ ಪೆಟ್ಟಿಗೆ ಎತ್ತಿದಳು.

"ನಿಂತ್ಕೋತೀನಿ. ಬಣ್ಣ ಹತ್ತಿದ ಬೆಡ್‌ಶೀಟು ಮಾತ್ರ ಈ ಸಲ ನೀನೇ ಒಗ್ಕೋ."

ಒಳ್ಳೇ ತಮಾಷೆ ಕೇಳಿದವಳ ಹಾಗೆ ನಾದಿನಿ ನಕ್ಕು, ಪೆನ್ನು ಕೊಟ್ಟಳು.

ಸ್ಪರ್ಧೆಯ ಮಾರನೇ ದಿನ ಬಚ್ಚಲಿನ ಬಕೆಟ್ಟಿನಲ್ಲಿ ಇಬ್ಬರದೂ ಸೇರಿ ಎರಡು ಬೆಡ್‌ಶೀಟು ನೆನೆಯುತ್ತಿದ್ದವು. ನಾದಿನಿ ಅಂಗಡಿಗೆ ಹೊರಟುಹೋಗಿದ್ದಳು.