ಡೀಸೆಲ್ ಕುಡಿದವರು ಯಾರು?

ಕೊಯಿಲದ ಹತ್ತಿರ ರಸ್ತೆ ಬದಿಯಲ್ಲಿ ಪಿಕಪ್ ಒಂದು ನಿಂತಿತ್ತು. ಹಿಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಪುರದಂತೆ ಪೇರಿಸಲಾಗಿತ್ತು. ಅರುವತ್ತರ ಹತ್ತಿರದ ಹೆಂಗಸೊಬ್ಬರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕುಕ್ಕರುಗಾಲಿನಲ್ಲಿ ಕೂತು, ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿದು ನೋಡುತ್ತಿದ್ದರು.

ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಲ್ಲಿಸಿದರು. “ಎಂತ ಆಯ್ತು ಅಕ್ಕ? ಪಂಚರಾ?”

“ಅಲ್ಲ, ಜ್ವರ ಉಂಟಾ ಅಂತ ನೋಡುದು,” ಎಂದರು ಹೆಂಗಸು, ತಲೆ ಎತ್ತದೆ.

ಬೈಕಿನವರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. (ಇನ್ನೆಲ್ಲಿ ನೋಡಲಿ? ಆ ಹೆಂಗಸು ನನ್ನ ಚಿಕ್ಕಮ್ಮ.)

ಚಿಕ್ಕಮ್ಮನ ಹೆಸರು ದಮಯಂತಿ. ಕಡಬದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು ಅವರ ವ್ಯವಹಾರ. ಚಿಕ್ಕಪ್ಪ ಫೋನ್ ಎತ್ತುತ್ತಾರೆ, ಬುಕಿಂಗ್ ತೆಗೆದುಕೊಳ್ಳುತ್ತಾರೆ. ಉಳಿದದ್ದೆಲ್ಲ ಚಿಕ್ಕಮ್ಮ. ಯಾವ ಮನೆಗೆ ಎಷ್ಟು ಕೊಪ್ಪರಿಗೆ ಹೋಯಿತು, ಯಾವ ಮನೆಯಿಂದ ಸೌಟು ಕಡಿಮೆ ಬಂತು, ಎಲ್ಲವೂ ಅವರ ಬಾಯಲ್ಲಿ. ಈ ಸಾಮಾನನ್ನೆಲ್ಲ ಹೊತ್ತು ತಿರುಗುವುದು ಒಂದು ಡೀಸೆಲ್ ಪಿಕಪ್. ಅದನ್ನು ಎಂಟು ವರ್ಷಗಳಿಂದ ಓಡಿಸುತ್ತಿರುವುದು ಲೋಕೇಶ.

ಲೋಕೇಶ ಮಾತು ಕಡಿಮೆಯ ಮನುಷ್ಯ. ಕೇಳಿದ್ದಕ್ಕೆ ಉತ್ತರ, ಕೇಳದಿದ್ದರೆ ಅದೂ ಇಲ್ಲ. ಆದರೆ ಮದುವೆ ಮನೆಯ ಅಂಗಳ ಎಷ್ಟೇ ಇಕ್ಕಟ್ಟಾಗಿರಲಿ, ರಿವರ್ಸಿನಲ್ಲಿ ಬಂದು ಅಡುಗೆ ಒಲೆಯ ಬಾಯಿಗೇ ಗಾಡಿ ನಿಲ್ಲಿಸುತ್ತಾನೆ.

ಸಮಸ್ಯೆ ಶುರುವಾದದ್ದು ಈ ಗಾಡಿಯ ಹೊಟ್ಟೆಯಿಂದ. ಲೀಟರಿಗೆ ಹದಿನಾಲ್ಕು ಕಿಲೋಮೀಟರ್ ಕೊಡುತ್ತಿದ್ದ ಪಿಕಪ್ ಮೆಲ್ಲಗೆ ಹನ್ನೆರಡಕ್ಕೆ ಇಳಿಯಿತು, ಆಮೇಲೆ ಹತ್ತಕ್ಕೆ. ಅದೇ ರಸ್ತೆ, ಅದೇ ಕುರ್ಚಿ, ಅದೇ ಡ್ರೈವರ್.

ಮೈಲೇಜ್ ಇಳಿದರೆ ನಮ್ಮ ಊರಿನಲ್ಲಿ ಸಲಹೆಗೆ ಬರಗಾಲವೇ? ಪೆಟ್ರೋಲ್ ಪಂಪಿನಲ್ಲಿ ಮೋಸ ಎಂದರು ಒಬ್ಬರು. ಇಂಜಿನ್ ಬಿಚ್ಚಿಸಿ ಎಂದರು ಇನ್ನೊಬ್ಬರು. ಗಾಡಿ ಮಾರಿಬಿಡಿ ಎಂದರು, ಅದನ್ನು ಕೊಳ್ಳುವ ಆಸೆಯಿದ್ದ ಮತ್ತೊಬ್ಬರು. ಕೊನೆಗೆ ಕಡಬದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಯಾರೋ ಹೇಳಿದರಂತೆ: “ಡೀಸೆಲ್ ಕುಡಿಯುದು ಗಾಡಿ ಅಲ್ಲ ಮಾರಾಯ್ರೆ, ಡ್ರೈವರ್.”

ಎಲ್ಲರೂ ನಕ್ಕರು. ಚಿಕ್ಕಪ್ಪನೂ ನಕ್ಕರು. ನಕ್ಕು ಸುಮ್ಮನಾಗಿದ್ದರೆ ಪರವಾಗಿರಲಿಲ್ಲ. “ನನಗೂ ಹಾಗೇ ಕಾಣ್ತದೆ,” ಎಂದುಬಿಟ್ಟರು.

ಮಾತಿಗೆ ಡೀಸೆಲ್ ಬೇಕೇ? ಸಂಜೆಯೊಳಗೆ ಲೋಕೇಶನ ಕಿವಿಗೆ ಮುಟ್ಟಿತು. ಮರುದಿನ ಬೆಳಿಗ್ಗೆ ಆತ ಬಂದು, ಕೀಯನ್ನು ಚಿಕ್ಕಮ್ಮನ ಎದುರು ಜಗಲಿಯ ಮೇಲೆ ಇಟ್ಟ.

“ಅಕ್ಕ, ಬೇರೆ ಜನ ನೋಡಿ.”

ಚಿಕ್ಕಮ್ಮ ಪಾತ್ರೆ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. “ನೋಡುವ. ಮೊದಲು ಪಂಪಿನ ತಪ್ಪು ಉಂಟಾ ನೋಡುವ. ಅದು ಮುಗಿದ ಮೇಲೆ ಗಾಡಿಯದ್ದು, ರಸ್ತೆಯದ್ದು. ಮನುಷ್ಯರದ್ದು ಕಡೆಗೆ. ಅಲ್ಲಿವರೆಗೆ ಕೀ ನಿನ್ನ ಹತ್ರವೇ ಇರ್ಲಿ.”

ಲೋಕೇಶ ಮತ್ತೆ ಕೀ ತೆಗೆದುಕೊಂಡು ಹೋದ. ಮತ್ತೆ ಕೀ ತೆಗೆದುಕೊಂಡು ಹೋದ.

ನನಗೆ ಈ ಕಥೆ ಗೊತ್ತಾದದ್ದು ಆಮೇಲೆ, ಪುತ್ತೂರಿನ ನಮ್ಮ ಮನೆಯಲ್ಲಿ ತಂಗಿಯ ಸೀಮಂತಕ್ಕೆ ಕುರ್ಚಿ ಕೇಳಲು ಕಡಬಕ್ಕೆ ಹೋದಾಗ. “ಕುರ್ಚಿ ಕೊಡುವ. ನೀನು ಮೊದಲು ಗಾಡಿ ಹತ್ತು,” ಎಂದರು ಚಿಕ್ಕಮ್ಮ. ಡ್ರೈವರ್ ಸೀಟಿನಲ್ಲಿ ಲೋಕೇಶ, ಮಧ್ಯದಲ್ಲಿ ಮೀಟರಿನ ಮೇಲೆ ಕಣ್ಣಿಟ್ಟ ಚಿಕ್ಕಮ್ಮ, ಕಿಟಕಿಗೆ ಒತ್ತಿಕೊಂಡು ನಾನು. ಮೂರನೇ ಗೇರು ಬಿದ್ದಾಗಲೆಲ್ಲ ಚಿಕ್ಕಮ್ಮ ಕಾಲು ಸರಿಸುತ್ತಿದ್ದರು. ಅವರು ಸರಿದಾಗಲೆಲ್ಲ ನಾನು ಬಾಗಿಲಿಗೆ ಅಂಟುತ್ತಿದ್ದೆ.

ಅಷ್ಟರೊಳಗೆ ಚಿಕ್ಕಮ್ಮ ಒಂದು ಪದ್ಧತಿ ಮಾಡಿಕೊಂಡಿದ್ದರು. ಒಂದೇ ಪಂಪಿನಲ್ಲಿ ಟ್ಯಾಂಕ್ ಫುಲ್ ಮಾಡುವುದು, ಟ್ರಿಪ್ ಮೀಟರ್ ಸೊನ್ನೆಗೆ ತರುವುದು, ಓಡಿಸಿ, ಮತ್ತೆ ಅಲ್ಲೇ ಫುಲ್ ಮಾಡಿ ಎಷ್ಟು ಹಿಡಿಯಿತು ಎಂದು ನೋಡುವುದು. ಒಂದು ಸಲಕ್ಕೆ ಒಂದೇ ರಿಪೇರಿ. ಗ್ಯಾರೇಜಿನವರು ನೋಸಲ್, ಫಿಲ್ಟರ್, ಕ್ಲಚ್ ಎಲ್ಲ ಒಟ್ಟಿಗೆ ಬದಲಿಸುವ ಎಂದಾಗ ಇವರು ಒಪ್ಪಲಿಲ್ಲವಂತೆ. “ಸಾಂಬಾರು ರುಚಿ ಇಲ್ಲ ಅಂತ ಉಪ್ಪು, ಹುಳಿ, ಬೆಲ್ಲ ಎಲ್ಲ ಒಟ್ಟಿಗೆ ಹಾಕ್ತಾರಾ? ಕಡೆಗೆ ಯಾವುದು ಕಡಿಮೆ ಇದ್ದದ್ದು ಅಂತ ಹೇಗೆ ಗೊತ್ತಾಗುದು?”

ಹಾಗಂತ ಅವರೇನು ಮಹಾ ಪಂಡಿತೆಯಲ್ಲ. ವಿದ್ಯೆ ಎಲ್ಲ ಮೊಬೈಲ್ ವಿಡಿಯೋಗಳದ್ದು. ಮೊದಲು ಪಂಪಿನ ಮೇಲೆಯೇ ಸಂಶಯಪಟ್ಟು ಉಪ್ಪಿನಂಗಡಿಯವರೆಗೆ ಹೋಗಿ ಡೀಸೆಲ್ ಹಾಕಿಸಿದ್ದರು. ಮೈಲೇಜ್ ಅಲ್ಲಾಡಲಿಲ್ಲ. (ಹೋಗಿಬಂದ ಡೀಸೆಲ್ ದಂಡ.) ಆಮೇಲೆ ಟಯರಿಗೆ ಗಾಳಿ. ಆಮೇಲೆ ಏರ್ ಫಿಲ್ಟರ್. ಅದು ಮಣ್ಣು ತಿಂದು ಕಪ್ಪಾಗಿತ್ತು, ಹೊಸತು ಹಾಕಿದರು. ಕೂದಲೆಳೆಯಷ್ಟು ಏರಿತು. ಸಾಲದು.

ನಾನು ಹೋದ ದಿನ ಚಕ್ರಗಳ ಸರದಿ. ರಾಮಕುಂಜಕ್ಕೆ ಕುರ್ಚಿ ಇಳಿಸಲು ಹೊರಟಿದ್ದೆವು. ಕೊಯಿಲದ ಹತ್ತಿರ ಚಿಕ್ಕಮ್ಮ, “ಲೋಕೇಶ, ಬ್ರೇಕ್ ಮುಟ್ಟಬೇಡ, ಗೇರಿನಲ್ಲೇ ನಿಧಾನ ಮಾಡಿ ನಿಲ್ಲಿಸು,” ಎಂದು ಇಳಿದರು. ಬೈಕಿನವರು ಬಂದದ್ದು ಆಗಲೇ.

ಮೂರು ಚಕ್ರ ಬೆಚ್ಚಗಿದ್ದವು. ಹಿಂದಿನ ಎಡ ಚಕ್ರದ ಹತ್ತಿರ ಅಂಗೈ ಹಿಡಿದ ಚಿಕ್ಕಮ್ಮ ಸರಕ್ಕನೆ ಕೈ ಹಿಂತೆಗೆದರು. “ಇಲ್ಲಿ ದೋಸೆ ಹುಯ್ಯಬಹುದು!”

ಲೋಕೇಶನೂ ಬಗ್ಗಿ ನೋಡಿದ. “ಬ್ರೇಕ್ ಲೈನರ್ ಹಿಡ್ಕೊಂಡಿದೆ ಅಕ್ಕ,” ಎಂದ. ಬ್ರೇಕ್ ಒತ್ತದಿದ್ದರೂ ಆ ಒಂದು ಚಕ್ರ ಬ್ರೇಕ್ ಹಾಕಿಕೊಂಡೇ ತಿರುಗುತ್ತಿತ್ತು. ಇಂಜಿನ್ ಎಳೆಯುತ್ತದೆ, ಚಕ್ರ ತಡೆಯುತ್ತದೆ. ಇನ್ನು ಡೀಸೆಲ್ ಉಳಿಯುವುದೆಲ್ಲಿ?

ಗ್ಯಾರೇಜಿನಲ್ಲಿ ಆ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆ ಕೆಸರು ಒಣಗಿ ಗಟ್ಟಿಯಾಗಿತ್ತು. ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಸಿಕ್ಕಿಕೊಂಡಿತ್ತು. ಮಳೆಗಾಲದಲ್ಲಿ ಉಪ್ಪಿನಂಗಡಿಯಲ್ಲಿ ನೀರು ಏರಿದಾಗ, ಹಾಲ್ ಒಂದರಲ್ಲಿ ಸಿಕ್ಕಿಬಿದ್ದಿದ್ದ ಇವರ ಪಾತ್ರೆಗಳನ್ನು ಲೋಕೇಶ ಅರ್ಧ ಚಕ್ರ ಮುಳುಗುವ ನೀರಿನಲ್ಲಿ ಗಾಡಿ ನಿಲ್ಲಿಸಿ ತುಂಬಿಸಿ ತಂದಿದ್ದನಂತೆ. ಪಾತ್ರೆ ಉಳಿಯಿತು. ಕೆಸರೂ ಉಳಿಯಿತು.

ಕೇಬಲ್ ಬದಲಾಯಿತು, ಡ್ರಮ್ ಕ್ಲೀನ್ ಆಯಿತು. ಮೈಲೇಜ್ ಹನ್ನೆರಡಕ್ಕೆ ಬಂತು.

ನಾನಾಗಿದ್ದರೆ ಅಲ್ಲಿಗೆ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದೆ. ಚಿಕ್ಕಪ್ಪ ಮಾತ್ರ ಬೆರಳು ಮಡಚಿ ಹೇಳಿದರು: “ಹನ್ನೆರಡು ಗಾಡಿಯದ್ದು. ಉಳಿದ ಎರಡು ಡ್ರೈವರಿನದ್ದು.”

ಚಿಕ್ಕಪ್ಪ ಕೆಟ್ಟವರಲ್ಲ. ನಾವೆಲ್ಲ ಹೀಗೆಯೇ ಅಲ್ಲವೇ? ನಮ್ಮ ಫೋನಿನ ಚಾರ್ಜ್ ಬೇಗ ಇಳಿದರೆ ಬ್ಯಾಟರಿ ಹಳತಾಯಿತು ಎನ್ನುತ್ತೇವೆ. ಅಡುಗೆ ಮನೆಯ ಸಕ್ಕರೆ ಡಬ್ಬಿ ಬೇಗ ಖಾಲಿಯಾದರೆ? ಕೆಲಸಕ್ಕೆ ಬರುವವಳ ಕೈಚೀಲದತ್ತ ಕಣ್ಣು ಹೋಗುತ್ತದೆ. (ಮನೆಗೆ ಬಂದ ನೆಂಟರಿಗೆ ಎಷ್ಟು ಸಲ ಪಾಯಸ ಮಾಡಿದೆವು ಎಂಬುದು ನೆನಪಿಗೇ ಬರುವುದಿಲ್ಲ.) ವಸ್ತುವನ್ನು ಬಿಚ್ಚಿ ನೋಡುವುದು ಕಷ್ಟ. ಮನುಷ್ಯನ ಮೇಲೆ ಹೇಳುವುದು ಸುಲಭ. ಸ್ಪ್ಯಾನರ್ ಕೂಡ ಬೇಡ.

ಚಿಕ್ಕಮ್ಮ ವಾದ ಮಾಡಲಿಲ್ಲ. “ಆ ಎರಡು ಎಲ್ಲಿ ಹೋಗ್ತದೆ ಅಂತ ನಾನೇ ನೋಡ್ತೇನೆ,” ಎಂದು ಮರುವಾರ ದಿನವಿಡೀ ಗಾಡಿಯಲ್ಲೇ ಕೂತರು. ನಾನೂ ಹೋದೆ. ಈ ಸಲ ಯಾರೂ ಒತ್ತಾಯಿಸಲಿಲ್ಲ. ನನಗೇ ಆ ಎರಡು ಕಿಲೋಮೀಟರಿನ ಚಿಂತೆ ಹತ್ತಿತ್ತು.

ಸುಳ್ಯ ಕಡೆಯ ಒಂದು ಮನೆಯಲ್ಲಿ ಉತ್ತರಕ್ರಿಯೆ. ಕುರ್ಚಿ, ಪಾತ್ರೆ ಇಳಿಸಬೇಕಿತ್ತು. ಮನೆಯವರೆಲ್ಲ ಮೆಲುದನಿಯಲ್ಲಿ ಮಾತಾಡುತ್ತಿದ್ದರು. ಅಂಗಳದಲ್ಲಿ ನಮ್ಮ ಪಿಕಪ್ ಮಾತ್ರ ಗುರ್ ಎನ್ನುತ್ತಲೇ ಇತ್ತು. ಇಳಿಸುವುದು ಮುಗಿಯಲು ಮುಕ್ಕಾಲು ಗಂಟೆಯಾದರೂ ಬೇಕು. ಒಳಗಿನಿಂದ ಅಜ್ಜಿಯೊಬ್ಬರು ಬಂದರು.

“ಮಗ, ಅದನ್ನು ಸ್ವಲ್ಪ ನಿಲ್ಲಿಸ್ತೀಯಾ? ಮಂತ್ರ ಕೇಳುದಿಲ್ಲ.”

ಲೋಕೇಶ ತಲೆಯಾಡಿಸಿದ. ಆದರೆ ಇಂಜಿನ್ ಆಫ್ ಮಾಡಲಿಲ್ಲ. ಗಾಡಿಯನ್ನು ಅಂಗಳದಿಂದ ಹೊರಗೆ, ಮೇಲಿನ ರಸ್ತೆಯ ಇಳಿಜಾರಿಗೆ ಕೊಂಡೊಯ್ದು, ಕೆಳಗೆ ಮುಖ ಮಾಡಿ ನಿಲ್ಲಿಸಿದ. ಅಲ್ಲಿ ಆಫ್ ಮಾಡಿದ.

ಚಿಕ್ಕಮ್ಮ ಅದನ್ನೇ ನೋಡುತ್ತಿದ್ದರು. ಅವರು ಏರು ಹತ್ತಿ ಹೋದರು. ಹಿಂದೆ ನಾನು.

“ಲೋಕೇಶ, ಬೆಳಿಗ್ಗೆಯಿಂದ ಇದು ಮೂರನೇ ಮನೆ. ಒಂದು ಕಡೆಯೂ ಗಾಡಿ ಆಫ್ ಮಾಡಿಲ್ಲ. ಇಲ್ಲಿ ಇಳಿಜಾರು ಹುಡುಕಿದೆ. ಎಂತ ಅದು?”

ಆತ ಸ್ಟೇರಿಂಗ್ ಹಿಡಿದು ಕೂತೇ ಇದ್ದ. “ಸೆಲ್ಫ್ ಸರಿ ಇಲ್ಲ ಅಕ್ಕ. ಕೆಲವೊಮ್ಮೆ ಹೊಡೀತದೆ, ಕೆಲವೊಮ್ಮೆ ಟಕ್ ಅಂತದೆ, ಅಷ್ಟೇ.”

“ಯಾವಾಗಿನಿಂದ?”

“ಸುಳ್ಯದ ಒಂದು ಮದುವೆ ಹಾಲಿನಲ್ಲಿ ಸ್ಟಾರ್ಟೇ ಆಗ್ಲಿಲ್ಲ. ಹಿಂದೆ ಮದುಮಗಳ ಕಾರು. ದಿಬ್ಬಣದವರೆಲ್ಲ ಇಳಿದು ದೂಡಿದ್ರು. ನಗಾಡಿದ್ರು, ವಿಡಿಯೋ ಮಾಡಿದ್ರು. ಮತ್ತೆ ನಾನು ಸಮ ಜಾಗದಲ್ಲಿ ಆಫ್ ಮಾಡುದೇ ಬಿಟ್ಟೆ. ಇಳಿಜಾರಾದ್ರೆ ಉರುಳಿಸಿಯೇ ಸ್ಟಾರ್ಟ್ ಮಾಡ್ಬಹುದಲ್ಲ. ನಿಂತಲ್ಲಿ ಎಷ್ಟು ಕುಡಿದೀತು ಅಂತ ಎಣಿಸಿದ್ದು.”

ಆ ಎರಡು ಕಿಲೋಮೀಟರ್ ಹೋಗುತ್ತಿದ್ದದ್ದು ಅಲ್ಲಿಗೆ! ದಿನಕ್ಕೆ ಎರಡು ಮೂರು ಗಂಟೆ ಗಾಡಿ ನಿಂತಲ್ಲೇ ಉರಿಯುತ್ತಿತ್ತು. ಮೀಟರ್ ಓಡುವುದಿಲ್ಲ, ಟ್ಯಾಂಕ್ ಇಳಿಯುತ್ತದೆ.

“ನನಗೆ ಯಾಕೆ ಹೇಳ್ಲಿಲ್ಲ?” ಚಿಕ್ಕಮ್ಮನ ಸ್ವರ ಏರಿತು. “ಎಂಟು ವರ್ಷ ಆಯ್ತಲ್ಲ ಮಾರಾಯ, ನನ್ನ ಹತ್ರ ಹೇಳ್ಲಿಕ್ಕೆ ಹೆದರಿಕೆಯಾ?”

“ಹೇಳುವ ಅಂತಲೇ ಇದ್ದೆ ಅಕ್ಕ. ಅಷ್ಟರಲ್ಲಿ ಹೋಟೆಲಿನಲ್ಲಿ ಆ ಮಾತು ಬಂತು.” ಆತ ಗಾಜಿನ ಆಚೆ ನೋಡುತ್ತಾ ಹೇಳಿದ. “ಕಳ್ಳ ಅಂತ ಆದ ಮೇಲೆ ಸೆಲ್ಫ್ ಸರಿ ಇಲ್ಲ ಅಂದ್ರೆ ಯಾರು ನಂಬ್ತಾರೆ? ನೆವ ಹೇಳ್ತಾನೆ ಅಂತ ಆಗುದು.”

ಚಿಕ್ಕಮ್ಮ ಆತನನ್ನು ಕೆಲಸದಲ್ಲಿ ಉಳಿಸಿಕೊಂಡಿದ್ದರು, ಕೀ ಕೊಟ್ಟಿದ್ದರು, ಚಕ್ರ ಚಕ್ರವನ್ನೂ ಪರೀಕ್ಷಿಸಿದ್ದರು. ಆದರೆ ಹೋಟೆಲಿನಲ್ಲಿ ಆಡಿದ ಮಾತು ಅಲ್ಲೇ, ಆ ಬೆಂಚಿನ ಮೇಲೆಯೇ ಕೂತಿತ್ತು. ಅದನ್ನು ಯಾರೂ ಎಬ್ಬಿಸಿರಲಿಲ್ಲ.

“ಇಳಿ. ಮೊದಲು ಊಟ ಮಾಡುವ,” ಎಂದಷ್ಟೇ ಹೇಳಿದರು.

ಸೆಲ್ಫನ್ನು ಸುಳ್ಯದಲ್ಲೇ ಬಿಚ್ಚಿಸಿದರು. ಒಳಗಿನ ಕಾರ್ಬನ್ ಬ್ರಶ್ ಸವೆದು ಉಗುರಿನಷ್ಟಾಗಿತ್ತು. ಚಿಕ್ಕ ಕೆಲಸ, ಸಂಜೆಯೊಳಗೆ ಮುಗಿಯಿತು. ಆ ವಾರದ ಟ್ಯಾಂಕ್ ಲೆಕ್ಕದಲ್ಲಿ ಗಾಡಿ ಹದಿನಾಲ್ಕರ ಹತ್ತಿರ ಬಂತು. ಪೂರ್ತಿ ಬರಲಿಲ್ಲ. ಹಳೆ ಇಂಜಿನ್, ಅದಕ್ಕೂ ವಯಸ್ಸಾಯಿತು ಎಂದು ಚಿಕ್ಕಮ್ಮ ಮಾಫಿ ಕೊಟ್ಟರು.

ನಾನಂದುಕೊಂಡೆ, ಕಥೆ ಮುಗಿಯಿತು ಎಂದು. ಚಿಕ್ಕಪ್ಪನೂ ಹಾಗೆಯೇ ಅಂದುಕೊಂಡಿರಬೇಕು. ನಾನೂ ಅಲ್ಲಿದ್ದ ಒಂದು ಬೆಳಿಗ್ಗೆ ಜಗಲಿಯಲ್ಲಿ ಲೋಕೇಶನಿಗೆ ಸ್ವಲ್ಪ ತಗ್ಗಿದ ಸ್ವರದಲ್ಲಿ, “ಬೇಜಾರು ಮಾಡ್ಬೇಡ ಆಯ್ತಾ, ಬಾಯಿ ತಪ್ಪಿ ಬಂದದ್ದು,” ಎಂದರು. ಲೋಕೇಶ “ಪರವಾಗಿಲ್ಲ ಅಣ್ಣ” ಎಂದ.

ಚಿಕ್ಕಮ್ಮ ಒಳಗಿನಿಂದಲೇ ಕೇಳಿಸಿಕೊಂಡರು. ಹೊರಗೆ ಬಂದರು.

“ಇಲ್ಲಿ ಹೇಳಿದ್ರೆ ಆಗ್ಲಿಕ್ಕಿಲ್ಲ. ನೀವು ಎಲ್ಲಿ ಹೇಳಿದ್ದೋ ಅಲ್ಲಿ ಹೋಗಿ ಹೇಳಿ.”

“ಎಂತ? ಹೋಟೆಲಿಗಾ?”

“ಹೌದು. ಅದೇ ಹೋಟೆಲಿಗೆ, ಅದೇ ಹೊತ್ತಿಗೆ. ಆ ಜನ ಇರುವಾಗ.”

ಚಿಕ್ಕಪ್ಪ ಹೆಂಡತಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ಸಿಟ್ಟಾಗುತ್ತಾರೆ ಎಂದು ನಾನು ಕಾದೆ. ಆಗಲಿಲ್ಲ. ಒಳಗೆ ಹೋಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಈ ಅಂಕಣದಲ್ಲಿ ನಾನು ಚಿಕ್ಕಮ್ಮನನ್ನು ಎಷ್ಟು ಹೊಗಳಿದರೂ, ಆ ಅಂಗಿಗಾಗಿ ಚಿಕ್ಕಪ್ಪನಿಗೂ ಒಂದು ಪಾಲು ಕೊಡಲೇಬೇಕು.

ನಾಲ್ಕು ಗಂಟೆಯ ಚಾದ ಹೊತ್ತು. ಹೋಟೆಲಿನಲ್ಲಿ ಅದೇ ಬೆಂಚು, ಹೆಚ್ಚುಕಡಿಮೆ ಅದೇ ಜನ. ನಾನು ಮತ್ತು ಚಿಕ್ಕಮ್ಮ ಬಾಗಿಲ ಹತ್ತಿರ ಕೂತೆವು. ಲೋಕೇಶನನ್ನು ಚಿಕ್ಕಪ್ಪನೇ ಕೈ ಹಿಡಿದು ಒಳಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು.

“ಒಂದು ವಿಷಯ ಉಂಟು,” ಎಂದರು ಚಿಕ್ಕಪ್ಪ. “ಮೊನ್ನೆ ಇಲ್ಲಿ ಲೋಕೇಶ ಡೀಸೆಲ್ ತೆಗೀತಾನೆ ಅಂತ ಮಾತಾಯ್ತು. ನಾನೂ ಹೌದು ಅಂದೆ. ಅದು ಸುಳ್ಳು. ಬ್ರೇಕು ಹಿಡ್ಕೊಂಡಿತ್ತು, ಸೆಲ್ಫ್ ಹೋಗಿತ್ತು. ಇವ ಒಂದು ಹನಿ ಮುಟ್ಟಿದವ ಅಲ್ಲ. ನಾನು ಹೇಳಿದ್ದು ತಪ್ಪು.”

ಮೂಲೆಯಿಂದ ಒಬ್ಬರು, “ನಾನು ಆಗ್ಲೇ ಹೇಳಿದ್ದೆ, ಗಾಡಿಯದ್ದೇ ಎಂತದೋ ಉಂಟು ಅಂತ,” ಎಂದರು. (ಅವರು ಹಾಗೆ ಹೇಳಿರಲೇ ಇಲ್ಲ ಎಂದು ಚಿಕ್ಕಮ್ಮ ನನ್ನ ಕಿವಿಯಲ್ಲಿ ಪ್ರಮಾಣ ಮಾಡಿದರು.)

ಲೋಕೇಶ ತಲೆ ಎತ್ತಲಿಲ್ಲ. ಕಣ್ಣು ತುಂಬಿತ್ತೋ ಏನೋ, ನನಗೆ ಕಾಣಲಿಲ್ಲ. ಗ್ಲಾಸನ್ನು ಚಿಕ್ಕಪ್ಪನ ಕಡೆಗೆ ಸರಿಸಿದ.

“ಕುಡೀರಿ ಅಣ್ಣ. ಚಾ ಆರ್ತದೆ.”

ಅನುಮಾನವನ್ನು ಹೋಟೆಲಿನಲ್ಲಿ ಜೋರಾಗಿ ಹೇಳಿ, ಕ್ಷಮೆಯನ್ನು ಮಾತ್ರ ಮನೆಯ ಜಗಲಿಯಲ್ಲಿ ಮೆಲ್ಲಗೆ ಕೇಳಿ ಮುಗಿಸುವವರೇ ಅಲ್ಲವೇ ನಾವೆಲ್ಲ?